ಪಂಚಮಿಯ ಅಳ್ಳು

ಹಿರೇಹಂದಿಗೋಳದಂಥ ಗದಗ ಸೀಮೆಯ ಊರುಗಳಿಗೆ ಪಾಪ್‌ಕಾರ್ನ್ ನಿನ್ನೆ ಮೊನ್ನೆಯದು, ಜೋಳದ ಅಳ್ಳು ಅಜ್ಜಿಯ ಕಾಲದ್ದು. ನಾಗರ ಪಂಚಮಿ ಬಂತೆಂದರೆ ಅಳ್ಳಿನ ಜೋಳ ಹುಡುಕುವ ಗಡಿಬಿಡಿ. ರೊಟ್ಟಿಯ ಜೋಳ ಅಷ್ಟು ಚೆಂದ ಅರಳದು.

ಕಾಳಿಗೆ ಬಿಸಿನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಗುಟ್ಟು ಇರುವುದೇ ಆ ಪಸೆಯಲ್ಲಿ. ಕಾದ ಬಾಣಲೆಯಲ್ಲಿ ಅದು ಆವಿಯಾಗಿ, ಗಟ್ಟಿ ಸಿಪ್ಪೆ ಒತ್ತಡ ತಾಳಲಾರದೆ ಸಿಡಿಯುತ್ತದೆ. ಹಾಕುವುದು ಒಂದೇ ಹಿಡಿ. ಬಟ್ಟೆಯ ಉಂಡೆಯಿಂದ ಒತ್ತಿ ಒತ್ತಿ ತಿರುವಬೇಕು. ಚಟಪಟ ಸದ್ದು ವಿರಳವಾಯಿತೋ, ತೆಗೆದುಬಿಡಬೇಕು. ಚಣ ತಡವಾದರೂ ಮಲ್ಲಿಗೆ ಬಿಳುಪು ಕಂದಿತು.

ಹುರಿಯಲು ಎಣ್ಣೆ ಬೇಡ, ಬೆಣ್ಣೆ ವಾಸನೆಯ ಪೊಟ್ಟಣವಂತೂ ಬೇಡವೇ ಬೇಡ. ಆಮೇಲೆ ಬೆಳ್ಳುಳ್ಳಿ, ಕರಿಬೇವು, ಶೇಂಗಾ, ಪುಟಾಣಿಯ ಒಗ್ಗರಣೆ. ಮಿಕ್ಕಿದ್ದನ್ನು ಬೀಸಿದರೆ ಅಳ್ಳಿಟ್ಟು. ಒಣ ಹಿಟ್ಟು ಬಾಯಿಗೆ ಹಾಕಿಕೊಂಡು ಮಾತಾಡಹೋದವನ ಮೀಸೆ ನೋಡಬೇಕು!