ತೊಬಿಯಾಸನ ನಾಯಿ ಮತ್ತು ಪ್ರಭುವಿನ ಪ್ರೀತಿ: ಒಂದು ಹೋಲಿಕೆಯ ವಿಮರ್ಶೆ

ದೇವರ ಪ್ರೀತಿ ಷರತ್ತಿಲ್ಲದ ಪ್ರೀತಿ ಎಂಬುದನ್ನು ವಿವರಿಸಲು ಸಾಕುನಾಯಿಯ ಅಕ್ಕರೆಯನ್ನು ಉದಾಹರಿಸುವ ಪ್ರಬೋಧನೆಗಳನ್ನು ನಾವು ಆಗಾಗ ಕೇಳುತ್ತೇವೆ. ಯಜಮಾನ ಬಡವನಿರಲಿ, ಬಲ್ಲಿದನಿರಲಿ, ಬೆಳಿಗ್ಗೆ ಗದರಿಸಿಯೇ ಹೋಗಿರಲಿ, ಸಂಜೆ ಬಾಗಿಲಲ್ಲಿ ನಾಯಿ ಬಾಲವಾಡಿಸುತ್ತ ಅವನನ್ನು ಎದುರುಗೊಳ್ಳುತ್ತದೆ. ದೇವರೂ ಹಾಗೆಯೇ ಎಂಬುದು ವಾದ. ಹೋಲಿಕೆ ಕೇಳುಗರ ಮನಸ್ಸನ್ನು ಸುಲಭವಾಗಿ ಮುಟ್ಟುತ್ತದೆ. ಅದು ಎಷ್ಟು ದೂರ ನಿಲ್ಲಬಲ್ಲದು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಪವಿತ್ರ ಗ್ರಂಥದಲ್ಲಿ ಮನುಷ್ಯನ ಒಡನಾಡಿಯಾಗಿ ಕಾಣಿಸಿಕೊಳ್ಳುವ ನಾಯಿ ತೊಬಿತನ ಗ್ರಂಥದ್ದು. ತೊಬಿಯಾಸನು ದೇವದೂತ ರಫಾಯೇಲನೊಡನೆ ಹೊರಟಾಗ ಅದು ಜೊತೆಗಿರುತ್ತದೆ. ಮರಳುವಾಗಲೂ ಹಿಂದೆ ಬರುತ್ತದೆ. ಅದು ಯಾವ ಸಾಹಸವನ್ನೂ ಮಾಡುವುದಿಲ್ಲ, ಬರಿದೇ ಜೊತೆಗೆ ನಡೆಯುತ್ತದೆ. ಸಂತ ಜೆರೋಮರ ಲತೀನ್ ಪಾಠದಲ್ಲಿ ಮಾತ್ರ ಅದು ಮುಂದೆ ಓಡಿ, ಬಾಲವಾಡಿಸಿ, ಮಗನ ಆಗಮನದ ಸಂತೋಷವನ್ನು ತೋರುತ್ತದೆ. 4ನೇ ಶತಮಾನದ ಸಿನಾಯ್ಟಿಕಸ್ ಹಸ್ತಪ್ರತಿಯಲ್ಲಿ ಇನ್ನೊಂದು ಕುತೂಹಲದ ಸಂಗತಿಯಿದೆ. 11ನೇ ಅಧ್ಯಾಯದಲ್ಲಿ ಅವರ ಹಿಂದೆ ಬಂದದ್ದು ನಾಯಿಯಲ್ಲ, ‘ಪ್ರಭು’ ಎಂದು ಅಲ್ಲಿ ಬರೆಯಲಾಗಿದೆ. ಗ್ರೀಕಿನಲ್ಲಿ ನಾಯಿಗೆ ‘ಕ್ಯುಓನ್’, ಪ್ರಭುವಿಗೆ ‘ಕ್ಯುರಿಯೊಸ್’. ಇದು ಲಿಪಿಕಾರನ ಕೈತಪ್ಪು ಎಂದೇ ವಿದ್ವಾಂಸರು ಸಾಮಾನ್ಯವಾಗಿ ತಿಳಿಯುತ್ತಾರೆ. ನಾಯಿಯ ಜಾಗದಲ್ಲಿ ಪ್ರಭುವನ್ನು ಅವಸರದಿಂದ ನಿಲ್ಲಿಸುವ ನಮ್ಮ ಪ್ರಬೋಧನೆಗಳೂ ಇಂಥದೇ ಅದಲುಬದಲನ್ನು ಮಾಡುತ್ತಿವೆ ಎಂಬುದು ನಮ್ಮ ಆಕ್ಷೇಪ.

ಮೊದಲನೆಯದಾಗಿ, ನಾಯಿಯ ಅಕ್ಕರೆಗೆ ಒಂದು ಷರತ್ತು ಇದ್ದೇ ಇದೆ: ನಾವು ಅದರ ಮನೆಯವರಾಗಿರಬೇಕು. ಯಜಮಾನನಿಗೆ ಬಾಲವಾಡಿಸುವ ಪ್ರಾಣಿಯೇ ಬಾಗಿಲಿಗೆ ಬಂದ ಅಪರಿಚಿತನಿಗೆ ಬೊಗಳುತ್ತದೆ. ಅದು ನಾಯಿಯ ದೋಷವಲ್ಲ, ಸ್ವಭಾವ. ಆದರೆ ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಸಾಲದೆಂದು ಹೇಳಿದ್ದು ತನ್ನವರನ್ನಷ್ಟೇ ಪ್ರೀತಿಸುವ ಈ ಪ್ರೀತಿಯನ್ನೇ. ಅವರು ಕೇಳಿದ್ದು ಶತ್ರುವನ್ನೂ ಒಳಗೊಳ್ಳುವ ಪ್ರೀತಿಯನ್ನು.

ಎರಡನೆಯದು ಇನ್ನೂ ಗಹನವಾದುದು. ನಾಯಿ ನಮ್ಮನ್ನು ಕ್ಷಮಿಸುವುದಿಲ್ಲ. ಕ್ಷಮಿಸಬೇಕಾದ ಪಾಪವನ್ನು ಅದು ಅರಿಯುವುದೇ ಇಲ್ಲ. ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯದಲ್ಲಿ ಪುನರುತ್ಥಾನಿ ಪ್ರಭು ಪೇತ್ರನಿಗೆ ಮೂರು ಸಲ ಅದೇ ಪ್ರಶ್ನೆಯನ್ನು ಕೇಳುತ್ತಾರೆ. ಮೂರು ಸಲ ನಿರಾಕರಿಸಿದವನಿಗೆ ಆ ಎಣಿಕೆ ನೋವು ತರುತ್ತದೆ. ಪ್ರಭು ಎಲ್ಲವನ್ನೂ ಬಲ್ಲರೆಂದು ಪೇತ್ರನೇ ಒಪ್ಪುತ್ತಾನೆ, ಮತ್ತು ಹಾಗೆ ಬಲ್ಲವರೇ ಅವನಿಗೆ ಮಂದೆಯನ್ನು ಒಪ್ಪಿಸುತ್ತಾರೆ. ಪಾಪನಿವೇದನೆಗೆ ಬರುವವನು ಹಂಬಲಿಸುವುದು ಈ ಪ್ರೀತಿಯನ್ನೇ. ತಾನು ಮಾಡಿದ್ದನ್ನು ಕಾಣದ ದೇವರಿಂದ ಅವನಿಗೆ ಸಮಾಧಾನ ಸಿಗದು. ಅವನಿಂದ ಅನ್ಯಾಯಕ್ಕೊಳಗಾದವರಿಗಂತೂ ಅಂಥ ದೇವರಿಂದ ನ್ಯಾಯವೂ ಸಿಗದು.

ಸಂತ ಥಾಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ’ದ ಎರಡನೆಯ ಭಾಗದಲ್ಲಿ, ವಿವೇಚನೆಯಿಲ್ಲದ ಜೀವಿಗಳನ್ನು ದೈವಪ್ರೀತಿಯಿಂದ ಪ್ರೀತಿಸಬೇಕೇ ಎಂಬ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತಾರೆ. ದೈವಪ್ರೀತಿ ಒಂದು ಬಗೆಯ ಸ್ನೇಹ. ಅದು ನಿತ್ಯಾನಂದದ ಸಹಭಾಗಿತ್ವದ ಮೇಲೆ ನಿಂತಿರುವುದರಿಂದ ಪ್ರಾಣಿಗಳೊಡನೆ ಆ ಸ್ನೇಹ ಸಾಧ್ಯವಿಲ್ಲ ಎಂಬುದು ಅವರ ಉತ್ತರ. ಆದರೂ ದೇವರ ಮಹಿಮೆಗಾಗಿ, ಮನುಷ್ಯರ ಒಳಿತಿಗಾಗಿ ಅವು ಉಳಿದು ಬಾಳಲೆಂದು ಬಯಸುವ ಮೂಲಕ ನಾವು ಅವುಗಳನ್ನು ಪ್ರೀತಿಸಬಹುದು ಎಂದೂ ಅವರು ಸೇರಿಸುತ್ತಾರೆ. ಧರ್ಮಸಭೆಯ ಧರ್ಮೋಪದೇಶವು (2416, 2418) ಪ್ರಾಣಿಗಳಿಗೆ ದಯೆ ಸಲ್ಲಬೇಕೆನ್ನುತ್ತದೆ. ವ್ಯಕ್ತಿಗಳಿಗೆ ಮಾತ್ರ ಸಲ್ಲತಕ್ಕ ಪ್ರೀತಿಯನ್ನು ಅವುಗಳಿಗೆ ಕೊಡಬಾರದೆಂದೂ ಎಚ್ಚರಿಸುತ್ತದೆ. ಸಿ. ಎಸ್. ಲೂಯಿಸ್ 1960ರ ತಮ್ಮ ‘ದ ಫೋರ್ ಲವ್ಸ್’ ಕೃತಿಯಲ್ಲಿ ಸಾಕುಪ್ರಾಣಿಯ ವಿಷಯವನ್ನು ಚರ್ಚಿಸುವುದು ಅಕ್ಕರೆಯ ಅಧ್ಯಾಯದಲ್ಲಿ, ದೈವಪ್ರೀತಿಯ ಅಧ್ಯಾಯದಲ್ಲಲ್ಲ. ಇತರರಿಗೆ ತಾನು ಬೇಕಾಗಿರಲೇಬೇಕೆಂಬ ನಮ್ಮ ಹಸಿವಿಗೆ ಸಾಕುಪ್ರಾಣಿ ಬಲಿಯಾಗಬಲ್ಲದೆಂಬುದನ್ನೂ ಅವರು ಗುರುತಿಸುತ್ತಾರೆ.

ಹಾಗೆಂದ ಮಾತ್ರಕ್ಕೆ ಹೋಲಿಕೆಯನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲ. ಲೂಕನ 16ನೇ ಅಧ್ಯಾಯದಲ್ಲಿ ಧನಿಕನ ಬಾಗಿಲಲ್ಲಿ ಬಿದ್ದಿದ್ದ ಲಾಜರನ ಹುಣ್ಣುಗಳನ್ನು ನಾಯಿಗಳು ಬಂದು ನೆಕ್ಕುತ್ತವೆ. ಅದು ಅವನ ಸಂಕಟಕ್ಕೆ ಉಪಶಮನವೋ, ಸಂಕಟದ ಮೇಲೆ ಇನ್ನೊಂದು ಸಂಕಟವೋ ಎಂಬುದರಲ್ಲಿ ವ್ಯಾಖ್ಯಾನಕಾರರಿಗೆ ಒಮ್ಮತವಿಲ್ಲ. ಆದರೆ ಕಥೆಯಲ್ಲಿ, ಸಾಯುವ ಮುನ್ನ ಅವನ ಬಳಿಗೆ ಬಂದವು ನಾಯಿಗಳು ಮಾತ್ರ ಎಂಬುದರಲ್ಲಿ ಸಂದೇಹವಿಲ್ಲ. ಪ್ರಾಣಿಯಿಂದ ನಾವು ಕಲಿಯಬೇಕಾದುದು ಇಲ್ಲಿದೆ. ಅದು ಅಂತಸ್ತನ್ನು ಕಾಣದು, ರೋಗಕ್ಕೆ ಹೇಸದು, ಕೈಲಾಗದವರ ಬಳಿ ಸುಮ್ಮನೆ ಕುಳಿತಿರಬಲ್ಲದು. ಇವು ದೈವಪ್ರೀತಿಯಲ್ಲದಿದ್ದರೂ, ದೈವಪ್ರೀತಿಗೆ ಇವಿಲ್ಲದೆ ಮೈಯಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳೆಲ್ಲ ದೂರದ ಊರುಗಳಿಗೆ ಹೋದ ಮೇಲೆ ಒಂದು ನಾಯಿಯೊಡನೆ ದಿನ ಕಳೆಯುವ ವೃದ್ಧರಿದ್ದಾರೆ. ಆ ನಾಯಿಯಲ್ಲಿ ದೇವರ ಪ್ರೀತಿ ಕಾಣುತ್ತದೆಂದು ಅವರಿಗೆ ಉಪದೇಶಿಸುವುದು ಸುಲಭ. ಆದರೆ ಆ ಮನೆಗೆ ಪರಮಪ್ರಸಾದವನ್ನು ಒಯ್ಯುವ ಗುರುವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಬಾಗಿಲಿಗೆ ನಾಯಿಯಲ್ಲದೆ ಇನ್ನಾರು ಬರುತ್ತಿದ್ದಾರೆ? ಆ ವೃದ್ಧರ ಹೆಸರು, ಅವರ ಹಳೆಯ ತಪ್ಪುಗಳು, ಅವರ ಮುನಿಸು ಎಲ್ಲವನ್ನೂ ಅರಿತು, ಅರಿತ ಮೇಲೂ ಮತ್ತೆ ಬರುವವರು ಅವರಿಗೆ ಬೇಕು. ಅದನ್ನು ನಾಯಿ ಮಾಡಲಾರದು; ಧರ್ಮಸಭೆ ಮಾಡಬೇಕು.