ನಿಧಾನಕ್ಕೆ ತಿರುಗುವ ಪಂಪು

ಕೆಂಗೇರಿ ಕಡೆಯ ಅಪಾರ್ಟ್‌ಮೆಂಟಿನ ಈಜುಕೊಳಕ್ಕೆ ಪಂಪು ಕೊಳ್ಳುವಾಗ ಎಷ್ಟು ಎಚ್‌ಪಿ ಎಂದು ಕೇಳುವುದಕ್ಕಿಂತ ವೇಗ ತಗ್ಗಿಸಲು ಬರುತ್ತದೆಯೇ ಎಂದು ಕೇಳುವುದು ಜಾಣತನ. ವೇಗ ಬದಲಿಸಬಲ್ಲ ಪಂಪಿನ ಸೊಗಸೆಲ್ಲ ಅಲ್ಲೇ ಇದೆ. ತಿರುಗುವ ವೇಗ ಅರ್ಧವಾದರೆ ಹರಿವೂ ಅರ್ಧ. ಎಳೆಯುವ ವಿದ್ಯುತ್ ಮಾತ್ರ ಹೆಚ್ಚುಕಡಿಮೆ ಎಂಟನೇ ಒಂದು ಪಾಲು. ಇಮ್ಮಡಿ ಹೊತ್ತು ಓಡಿಸಿ ಅಷ್ಟೇ ನೀರು ಸೋಸಿದರೂ ಖರ್ಚು ಕಾಲುಭಾಗದ ಆಸುಪಾಸು. ಸಂಪಿನಿಂದ ಟ್ಯಾಂಕಿಗೆ ನೀರೇರಿಸುವ ಮೋಟಾರಿಗೆ ಈ ಲೆಕ್ಕ ಒಗ್ಗದು. ವೇಗ ತೀರಾ ಇಳಿದರೆ ನೀರು ಮೇಲೇರುವುದೇ ಇಲ್ಲ. ಕೊಳದ ನೀರಾದರೋ ಸುತ್ತಿ ಕೊಳಕ್ಕೇ ಮರಳುತ್ತದೆ, ಪಂಪು ಗೆಲ್ಲಬೇಕಾದ್ದು ಪೈಪು ಫಿಲ್ಟರುಗಳ ತಡೆಯನ್ನಷ್ಟೇ.

ಏಪ್ರಿಲ್ ಬಿಸಿಲಿಗೆ ಕ್ಲೋರಿನ್ ಬೇಗ ಸತ್ವ ಕಳೆದುಕೊಳ್ಳುತ್ತದೆ, ಪಾಚಿ ಕಟ್ಟುತ್ತದೆ, ಜೋರಾದ ಪಂಪೇ ಬೇಡವೇ ಎನ್ನುವವರಿದ್ದಾರೆ. ಬೇಸಿಗೆ ಬೇಡುವುದು ಹೆಚ್ಚು ಹೊತ್ತಿನ ಸೋಸುವಿಕೆಯನ್ನು. ನಿಧಾನದ ಪಂಪು ಅದನ್ನು ಅಗ್ಗದಲ್ಲಿ ಕೊಡುತ್ತದೆ. ಮರಳಿನ ಫಿಲ್ಟರನ್ನು ಹಿಮ್ಮುಖವಾಗಿ ತೊಳೆಯುವ ಕೆಲವು ನಿಮಿಷಕ್ಕೆ ವೇಗ ಏರಿಸಿಕೊಂಡರಾಯಿತು. ಬೆಲೆ ಹೆಚ್ಚು, ನಿಜ. ಅಪರೂಪಕ್ಕೆ ಬಳಸುವ ಪುಟ್ಟ ಕೊಳಕ್ಕೆ ದಂಡವೇ ಸರಿ. ಆದರೆ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರನ್ನೇ ನಿಷೇಧಿಸಿತ್ತು, ತಪ್ಪಿದರೆ 5,000 ರೂಪಾಯಿ ದಂಡ. ಅಂಥ ಊರಿನಲ್ಲಿ ಇದ್ದ ನೀರು ಕೆಡದಂತೆ ನೋಡಿಕೊಳ್ಳುವುದೂ ಲೆಕ್ಕಕ್ಕೆ ಬರಬೇಕು. ಇನ್ನು, ಪಂಪಿನ ಮುಂದಿನ ಜಾಲರಿಬುಟ್ಟಿಯಲ್ಲಿ ಹೊಂಗೆ ಹೂವು ತುಂಬಿಕೊಂಡಿದ್ದರೆ ಯಾವ ಪಂಪೂ ಏನೂ ಮಾಡದು. ಪಾರದರ್ಶಕ ಮುಚ್ಚಳದಲ್ಲಿ ಅದು ಕಾಣುತ್ತದೆ, ಬಗ್ಗಿ ನೋಡಬೇಕಷ್ಟೆ.