ಸಹಸೃಷ್ಟಿಯ ಪರಿಭಾಷೆ ಮತ್ತು ಹಾಲಕ್ಕಿ ಕನ್ನಡದ ಪ್ರಶ್ನೆ

ಸಮುದಾಯವು ಸಂಶೋಧನೆಯ ಸಹಸೃಷ್ಟಿಕರ್ತ ಎಂಬ ಮಾತು ಈಗ ಯೋಜನಾ ಪ್ರಸ್ತಾವಗಳ ಮೊದಲ ಪುಟದಲ್ಲೇ ಬಂದು ಕುಳಿತಿದೆ. ಕಾರವಾರ–ಅಂಕೋಲಾ ಸೀಮೆಯ ಭಾಷಾಧ್ಯಯನದ ಇತಿಹಾಸವನ್ನಿಟ್ಟುಕೊಂಡು ನೋಡಿದರೆ ಅದರ ಬಳಕೆ ಎಷ್ಟು ಸಡಿಲವೆಂಬುದು ತಿಳಿಯುತ್ತದೆ.

ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಗ್ರಿಯರ್ಸನ್ನರ ಸರ್ವೇಕ್ಷಣೆಯ ವ್ಯಾಪ್ತಿಗೆ ಬಂತು. ಮದ್ರಾಸು, ಮೈಸೂರುಗಳು ಹೊರಗುಳಿದವು. ಆ ಸರ್ವೇಕ್ಷಣೆಯಲ್ಲಿ ಮಾದರಿಗಳು ಅಧಿಕಾರಿಗಳ ಮೂಲಕ ಬಂದವು; ಭಾಷಿಕರ ಪಾಲಿಗೆ ಉಳಿದದ್ದು ಮುಖ್ಯವಾಗಿ ಬೈಬಲಿನ ಒಂದು ದೃಷ್ಟಾಂತಕ್ಕೆ ಬಾಯಾಗುವ ಕೆಲಸ. 1967ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿದ ಎ. ಎಸ್. ಆಚಾರ್ಯರ ‘ಹಾಲಕ್ಕಿ ಕನ್ನಡ’ದ ಕಾಲದ ವಿವರಣಾತ್ಮಕ ಪದ್ಧತಿಯಲ್ಲೂ ವಕ್ತೃವೆಂದರೆ ದತ್ತಾಂಶದ ಮೂಲ, ವಿಶ್ಲೇಷಕನಲ್ಲ. ಆದರೆ ಆ ಪದ್ಧತಿ ತಾನಲ್ಲದ್ದನ್ನು ತಾನೆಂದು ಹೇಳಿಕೊಳ್ಳಲಿಲ್ಲ. ಡೆಬೊರಾ ಕ್ಯಾಮರೂನ್ ಮತ್ತು ಸಂಗಡಿಗರು 1992ರಲ್ಲಿ ಜನರ ‘ಮೇಲೆ’, ‘ಪರವಾಗಿ’, ‘ಜೊತೆ’ ನಡೆಯುವ ಸಂಶೋಧನೆಗಳನ್ನು ಬೇರ್ಪಡಿಸಿದರು. ನಮ್ಮಲ್ಲಿ ‘ಜೊತೆ’ ಎಂದು ಬರೆದದ್ದು ಬಹುಪಾಲು ‘ಪರವಾಗಿ’ಯಲ್ಲೇ ನಿಲ್ಲುತ್ತದೆ.

ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ‘ಜಾನಪದ ಕೋಗಿಲೆ’ ಎನ್ನುವ ರೂಢಿಯನ್ನೇ ಗಮನಿಸಬಹುದು. 2017ರಲ್ಲಿ ಪದ್ಮಶ್ರೀ ಪಡೆದ, ಸಾರಾಯಿ ವಿರೋಧಿ ಹೋರಾಟದಲ್ಲಿ ಮುಂದೆ ನಿಂತ ಈ ಮಹಿಳೆ ಕಾರವಾರ ಆಕಾಶವಾಣಿಯ ಧ್ವನಿಮುದ್ರಣಗಳಿಗೂ ಹಾಡಿದವರು. ಕೋಗಿಲೆಯನ್ನು ಯಾರೂ ವ್ಯಾಕರಣ ಕೇಳುವುದಿಲ್ಲ. ಯಾವ ಪದ ಹಾಡಿನದು, ಯಾವುದು ದಿನಬಳಕೆಯದು, ಯಾವುದು ಸುಗ್ಗಿಗೆ ಮಾತ್ರ ಸಲ್ಲುವುದು ಎಂಬ ವಿವೇಚನೆ ಹಾಡುವವರಲ್ಲಿದೆ. ಅದು ಪ್ರಯೋಗಭೇದದ ವಿಶ್ಲೇಷಣೆಯೇ. ನಮ್ಮ ಸಂಗ್ರಹಗಳಲ್ಲಿ ಅದು ಅಡಿಟಿಪ್ಪಣಿಯಾಗಿಯೂ ಉಳಿಯುವುದು ಅಪರೂಪ; ಹಾಡು ಉಳಿಯುತ್ತದೆ, ವಿಂಗಡಣೆ ಕಳೆದುಹೋಗುತ್ತದೆ.

ಇದು ಬರಿಯ ಸೌಜನ್ಯದ ಪ್ರಶ್ನೆಯಲ್ಲ. ಹಾಲಕ್ಕಿ ಒಕ್ಕಲಿಗರು ಪರಿಶಿಷ್ಟ ಪಂಗಡದ ಮಾನ್ಯತೆಯನ್ನು ದಶಕಗಳಿಂದ ಕೇಳುತ್ತಿದ್ದಾರೆ. 1965ರ ಲೋಕೂರ್ ಸಮಿತಿಯ ಮಾನದಂಡಗಳಲ್ಲಿ ವಿಶಿಷ್ಟ ಸಂಸ್ಕೃತಿಯೂ ಒಂದು. ಹೀಗಿರುವಾಗ ‘ಕನ್ನಡದ ಒಂದು ಉಪಭಾಷೆ’ ಎಂಬ ನಮ್ಮ ನಿರುಪದ್ರವಿ ವಾಕ್ಯ ಕಡತವೊಂದರಲ್ಲಿ ಸಾಕ್ಷ್ಯವಾಗಬಲ್ಲದು, ಪ್ರತಿಸಾಕ್ಷ್ಯವೂ ಆಗಬಲ್ಲದು. ಹಾಗೆಂದು ಧ್ವನಿಮಾಗಳ ಪಟ್ಟಿಯನ್ನು ಮತಕ್ಕೆ ಹಾಕಬೇಕೆಂದು ನಾನು ವಾದಿಸುತ್ತಿಲ್ಲ. ಸಮಾನರೂಪರೇಖೆ ಎಲ್ಲಿ ಬೀಳುತ್ತದೋ ಅಲ್ಲೇ ಬೀಳಬೇಕು. ಆದರೆ ನುಡಿಗೆ ಇಡುವ ಹೆಸರು, ಪ್ರಕಟಿಸಬಾರದ ಪಠ್ಯಗಳ ಆಯ್ಕೆ, ಕರಡಿಗೆ ಲಿಖಿತ ಆಕ್ಷೇಪ ಸಲ್ಲಿಸುವ ಹಕ್ಕು, ಕರ್ತೃಪಟ್ಟಿಯಲ್ಲಿ ಸ್ಥಾನ ಇವು ಸಂಶೋಧಕನೊಬ್ಬನ ಸೊತ್ತಲ್ಲ. ಇವುಗಳಲ್ಲಿ ಒಂದೂ ಇಲ್ಲದ ಯೋಜನೆಯನ್ನು ಸಹಸೃಷ್ಟಿ ಎನ್ನುವುದು ಪರಿಭಾಷೆಯ ದುರುಪಯೋಗ.

ಕಾರವಾರದ ಕೊಂಕಣಿಯಲ್ಲಂತೂ ಈ ಚೌಕಾಸಿ ಮೊದಲ ಲಿಪ್ಯಂತರದಲ್ಲೇ ಎದುರಾಗುತ್ತದೆ: ದೇವನಾಗರಿಯೋ, ಕನ್ನಡವೋ? ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಬರೆದು ಜಾರಿಕೊಂಡರೆ ಆ ಪಠ್ಯವನ್ನು ಊರಿನಲ್ಲಿ ಓದುವವರೇ ಇರುವುದಿಲ್ಲ.